ಆರು ಹಾರ್ಡ್‌ಡಿಸ್ಕ್ ಹಿಡಿಯೋ ಕ್ಯಾಬಿನೆಟ್

ಮೂರು ಕಂಪ್ಯೂಟರ್ ಕೂಡಿಸೇನಿ ಅಂತ ನಾ ನಮ್ಮ ಮಾಮಾಗ ಹೇಳಿದ್ದು ಮುಳಗುಂದದಾಗ ಒಂದು ಬಸುರಿ ಹೆಣ್ಮಗಳ ಕುಬಸದ ಊಟಕ್ಕ ಕುಂತಾಗ. ಎಲಿ ಮ್ಯಾಲೆ ಹೋಳಗಿ ಬಿದ್ದಿತ್ತು, ಬಾಯಾಗ ತುಪ್ಪ ಇತ್ತು, ಸುಳ್ಳು ತಾನ ಜಾರಿ ಹೊರಗ ಬಂತು. ಖರೆ ಹೇಳಬೇಕಂದ್ರ ನಾ ಕೂಡಿಸಿದ್ದು ಒಂದೂ ಇಲ್ಲ. ಒಮ್ಮೆ ದೋಸ್ತನ ಮನ್ಯಾಗ ಕಂಪ್ಯೂಟರ್ ಚಾಲೂ ಆಗವಲ್ದು ಅಂತ ಒಳಗಿನ ರ‍್ಯಾಮ್ ಕಿತ್ತು, ರಬ್ಬರ್‌ಲೆ ತಿಕ್ಕಿ, ಮತ್ತ ಸಿಗಿಸಿದ್ನಿ. ಚಾಲೂ ಆತು. ಅಷ್ಟ ನನ್ನ ಪರಾಕ್ರಮ. ಆ ರಬ್ಬರ್ ತಿಕ್ಕಿದ್ದು ನಮ್ಮೂರು ಬೆಟಗೇರಿಯಿಂದ ಮುಳಗುಂದಕ್ಕ ಬರೂದ್ರಾಗ ಮೂರು ಕಂಪ್ಯೂಟರ್ ಆಗಿತ್ತು. ಊಟ ಇನ್ನೊಂದೀಟು ದೂರದ ಊರಾಗ ಇದ್ದಿದ್ರ ಫ್ಯಾಕ್ಟರಿ ಆಗತಿತ್ತು.

ಮಾಮಾ ಅಂದ್ರ ನಮ್ಮವ್ವನ ತಮ್ಮ. ಲಕ್ಷ್ಮೇಶ್ವರದಾಗ ಮನಿ ಮುಂದಿನ ಪಡಸಾಲ್ಯಾಗ ಅಂವಂದು ಫೋಟೋ ಸ್ಟುಡಿಯೋ. ಸುತ್ತಮುತ್ತ ಎಲ್ಲೆ ಲಗ್ನ ಇದ್ರೂ ಕ್ಯಾಮೆರಾ ಹೆಗಲಿಗೆ ಹಾಕ್ಕೊಂಡು ಹೊಂಟಬಿಡ್ತಾನ. ಹಿಂಗ ಹದಿನಾಕು ವರ್ಷ ತಗದ ಲಗ್ನ ಎಲ್ಲಾ ಆರು ಹಾರ್ಡ್‌ಡಿಸ್ಕ್‌ನ್ಯಾಗ ಅದಾವ. ಒಂದೊಂದಕ್ಕ ದವಾಖಾನಿ ಬಿಳಿ ಪಟ್ಟಿ ಹಚ್ಚಿ, ಮ್ಯಾಲೆ ಪೆನ್ನಿಲೆ ಊರ ಹೆಸರು ಬರದಾನ. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ, ಮುಳಗುಂದ. ಆರನೇದಕ್ಕ ಬರೇ 'ಹಳ್ಳಿ'. ಬೆಳ್ಳಟ್ಟಿ, ಕಳಸಾಪುರ ಎಲ್ಲಾ ಆ ಒಂದ ಡಿಸ್ಕಿನ್ಯಾಗ ಗಾದಿ ಹಾಸ್ಕೊಂಡು ಮಲಗ್ಯಾವ. ಬೆಳ್ಳಟ್ಟಿಯವ್ರಿಗೆ ಇದು ಖಬರ ಹತ್ತಿದ್ರ ಮಾಮಾನ ಮನಿ ಮುಂದ ಟ್ರ್ಯಾಕ್ಟರ್ ನಿಂದ್ರಸ್ತಾರ, ಅಷ್ಟು ದೊಡ್ಡ ಊರದು.

ಇವಕ್ಕ ಇನ್ನೊಂದು ಕಾಪಿ ಇಲ್ಲ. ಇದು ಎಲ್ಲಾದಕ್ಕಿಂತ ದೊಡ್ಡ ಮಾತು. ಲಗ್ನ ಆಗಿ ಎಂಟು ವರ್ಷದ ಮ್ಯಾಲೆ ಮಂದಿ ಬರ್ತಾರ. ಒಬ್ಬರಿಗೆ ಮಗಳಿಗೆ ತೋರಸಾಕ ಬೇಕು, ಒಬ್ಬರಿಗೆ ಲಗ್ನದ ಸರ್ಟಿಫಿಕೇಟ್ ಮಾಡಸಾಕ ಫೋಟೋ ಬೇಕು, ಒಬ್ಬರ ಅಜ್ಜ ತೀರಿಕೊಂಡಾಗ ಅಂವಂದು ಬ್ಯಾರೆ ಫೋಟೋನ ಇಲ್ಲ ಅಂತ ಲಗ್ನದ ಪಂಕ್ತಿಯೊಳಗ ಕುಂತಿದ್ದನ್ನ ಕತ್ತರಿಸಿ ಕೊಡು ಅಂತಾರ. ಮಾಮಾ ಡಿಸ್ಕ್ ಹಚ್ಚಿ ಹುಡುಕಿ ಕೊಡ್ತಾನ. ಒಂದು ಡಿಸ್ಕ್ ಕೆಟ್ರ ಒಂದು ಊರು ಅಷ್ಟೂ ಲಗ್ನ ಇಲ್ಲದ ಸಂಸಾರ ಮಾಡಬೇಕಾಗತೈತಿ.

ಅಂಥಾ ಡಿಸ್ಕುಗಳ ಗತಿ ಹೆಂಗಿತ್ತಂದ್ರ, ಹಳೇ ಕ್ಯಾಬಿನೆಟ್‌ನ್ಯಾಗ ಎರಡಕ್ಕ ಜಾಗಾ. ಉಳದ ನಾಕು ಹೊರಗ ಒಂದು ಊಟದ ಮಣಿ ಮ್ಯಾಲೆ, ಶ್ಯಾವಗಿ ಒಣಗಿಸಿದಂಗ ವಾಯರ್ ಹರವಿಕೊಂಡು ಬಿದ್ದಿದ್ವು. ಬಿಸಿ ಆಗಬಾರದು ಅಂತ ಬಾಜೂಕ ಒಂದು ಟೇಬಲ್ ಫ್ಯಾನ್. ಬ್ಯಾಸಗ್ಯಾಗ ನಮಗ ಇಲ್ಲದ ಗಾಳಿ ಅವಕ್ಕ. ಒಂದಿನ ಕಸಾ ಹೊಡಿಬೇಕಾದ್ರ ಕಸಬರಗಿ ವಾಯರಿಗೆ ಸಿಕ್ಕು ಶಿರಹಟ್ಟಿ ಡಿಸ್ಕ್ ಮಣಿಯಿಂದ ಕೆಳಗ ಬಿತ್ತು. ಆವತ್ತಿನಿಂದ ಅದು ನಡು ನಡುವ ಟಿಕ್ ಟಿಕ್ ಅಂತಿತ್ತು. ಮಾಮಾ ಊಟ ಬಿಟ್ಟು ಬಂದು ಕಿವಿ ಹಚ್ಚಿ ಕೇಳ್ತಿದ್ದ, ಡಾಕ್ಟರ್ ಎದಿ ನೋಡಿದಂಗ. ಅಂವ ಇಲ್ಲದಾಗ ಆ ಪಡಸಾಲ್ಯಾಗ ಯಾರೂ ಇರೂಹಂಗಿಲ್ಲ ಅಂತ ಕಾಯ್ದೆ ಮಾಡಿದ್ದ. ಚಾ ಕುಡ್ಯಾಕ ಹೊರಗ ಹೋದ್ರೂ ಕೀಲಿ ಹಾಕಿ ಹೋಗಾಂವ.

ಅಂಥಾ ಹೊತ್ತಿನ್ಯಾಗ ನಾ ಹೋಳಗಿ ತಿನಕೋತ ಮೂರು ಕಂಪ್ಯೂಟರ್ ಅಂದಿದ್ನಿ. ಮಾಮಾ ಎಲಿಯಿಂದ ಮುಖಾ ಎತ್ತಿ, ಹಂಗಾರ ಅಳಿಯಾ, ಆರೂ ಹಿಡಿಯೋ ಕ್ಯಾಬಿನೆಟ್ ಗದಗಿನಾಗ ನೀನ ನೋಡಿ ತಾ, ನೀನ ಕೂಡಿಸು ಅಂದ. ನನ್ನ ಹೋಳಗಿ ಅಲ್ಲೇ ನಿಂತಬಿಡ್ತು. ಒಂದ ದೊಡ್ಡ ಡಿಸ್ಕ್ ತಂದು ಎಲ್ಲಾ ಅದರಾಗ ಹಾಕಿದ್ರ ಮುಗೀತಲ್ಲ ಅಂತ ತಪ್ಪಿಸಿಕೊಳ್ಳಾಕ ನೋಡಿದ್ನಿ. ಅದಕ್ಕಂವ, ಐದೂರ ಬೀಗರನ್ನ ಒಂದ ಮಂಟಪದಾಗ ಕೂಡಿಸಿ ಆ ಮಂಟಪ ಬಿದ್ರ ಏನ್ಮಾಡ್ತಿ ಅಂದ. ನಾ ಪಾಯಸ ಮತ್ತ ಹಾಕಿಸಿಕೊಂಡ್ನಿ.

ಡಿಸ್ಕ್ ಹೊರಗ ಒಯ್ಯಾಕ ಅಂವ ಬಿಡಂಗಿಲ್ಲ, ಅಳತಿ ಹೆಂಗ ನೋಡೂದು? ಅದಕ್ಕ ಮಾಮಾ ಬಡಗ್ಯಾರ ಕಡೆ ಬರೋಬ್ಬರಿ ಹಾರ್ಡ್‌ಡಿಸ್ಕಿನ ಅಳತಿದು ಆರು ಕಟಗಿ ತುಂಡು ಮಾಡಿಸಿ, ಬೆಟಗೇರಿಗೆ ನಮ್ಮ ಮನಿಗೆ ಕಳಿಸಿದ. ಉಪ್ಪಿನ ಕಾಗದದಾಗ ತಿಕ್ಕಿ ನುಣ್ಣಗ ಮಾಡಿದ್ದ ಬಡಗ್ಯಾ. ನಮ್ಮವ್ವ ನೋಡಿ, ಇವು ಸಣ್ಣ ಹುಡುಗ್ರ ಆಟಗಿ ಸಾಮಾನೇನು ಅಂತ ಕೇಳಿದ್ಲು. ನಾ ಇವು ಕಂಪ್ಯೂಟರಿಂದು ಅಂದ್ನಿ. ಅಕಿ ನನ್ನ ಪಿಯುಸಿ ಮ್ಯಾಲೆ ಇಟ್ಟಿದ್ದ ನಂಬಿಕಿ ಆವತ್ತ ಅರ್ಧ ಹೋತು.

ಆ ವಾರ ಅಷ್ಟೂ ನನ್ನ ಕಾಲಾಗ ಇರಿವಿ ಬಿಟ್ಟಂಗ ಆಗಿತ್ತು. ಕ್ಲಾಸಿನ್ಯಾಗ ಕುಂತ್ರ ಬೆಂಚು ನಡಗತಿತ್ತು, ಬಾಜೂದಾಂವ ಭೂಕಂಪ ಅಂತ ಎದ್ದು ನಿಂತಿದ್ದ. ಫೋನ್‌ನ್ಯಾಗ ಕ್ಯಾಬಿನೆಟ್ ವಿಡಿಯೋ ನೋಡಿ ನೋಡಿ ಕಣ್ಣು ಮುಚ್ಚಿದ್ರ ಸ್ಕ್ರೂ ಕಾಣತಿದ್ವು. ವಿಡಿಯೋದಾಗಿನ ಮಂದಿ ಎಲ್ಲಾ ನಗಕೋತ ಹತ್ತು ನಿಮಿಷದಾಗ ಕೂಡಿಸ್ತಿದ್ರು. ಒಬ್ಬಾಂವರ ಬೆವತದ್ದು ನಾ ನೋಡ್ಲಿಲ್ಲ.

ಶನಿವಾರ ಕಾಲೇಜು ಅರ್ಧ ದಿನ. ಚೀಲದಾಗ ಆರು ಕಟಗಿ ತುಂಡು ಹಾಕ್ಕೊಂಡು ಗದಗಿನ ಕಂಪ್ಯೂಟರ್ ಅಂಗಡಿಗೆ ಹೋದ್ನಿ. ಅಂಗಡ್ಯಾವ ಮೂರು ಕ್ಯಾಬಿನೆಟ್ ಮುಂದ ಇಟ್ಟ.

ಮೊದಲನೇದು ನೋಡಿದ ಕೂಡ್ಲೆ ನನ್ನ ಜೀವ ಅದರಾಗ ಹೋತು. ಒಂದು ಬಾಜೂಕ ಪೂರ್ತಿ ಕನ್ನಡಿಯಂಥಾ ಗಾಜು, ಮುಂದ ಮೂರು ಫ್ಯಾನು, ಮೂರರಾಗೂ ಬಣ್ಣ ಬಣ್ಣದ ಲೈಟು. ಇದು ಕಂಪ್ಯೂಟರೋ ನಾಟಕದ ಕಂಪನಿಯೋ ತಿಳೀವಲ್ದು. ಇದನ್ನ ಮಾಮಾನ ಸ್ಟುಡಿಯೋದಾಗ ಇಟ್ಟು, ಬಾಜೂಕ ನಾ ನಿಂತು ಒಂದು ಫೋಟೋ ಹಾಕಿದ್ರ ಕ್ಲಾಸ್ ಅಷ್ಟೂ ನನ್ನ ಮನಿಗೆ ಬರತಿತ್ತು. ಅಂಗಡ್ಯಾವ ಗಾಜು ತಗದ. ನಾ ಚೀಲದಿಂದ ಕಟಗಿ ತುಂಡು ತಗದ್ನಿ. ಅಂವ ಒಂದೆರಡು ನಿಮಿಷ ನನ್ನ ಮುಖಾ ನೋಡಿದ, ಆಮ್ಯಾಲೆ ಗಿರಾಕಿ ದೇವರಿದ್ದಂಗ ಅಂತ ನೆನಪಾಗಿ ಬಾಜೂಕ ಸರದ. ಕೆಳಗ ಮೂಲ್ಯಾಗ ಒಂದು ಸಣ್ಣ ಗೂಡು. ಎರಡು ತುಂಡು ಹೋದ್ವು. ಮೂರನೇದು ಹಿಡಿಲಿಲ್ಲ. ನಾ ಅದನ್ನ ನಿಂದರಿಸಿ ನೋಡಿದ್ನಿ, ಮಲಗಿಸಿ ನೋಡಿದ್ನಿ, ಫ್ಯಾನಿನ ಹಿಂದ ತುರುಕಿ ನೋಡಿದ್ನಿ. ಉಳದ ನಾಕು ಎಲ್ಲೆ ಇಡೂದು ಅಂತ ಕೇಳಿದ್ರ ಅಂಗಡ್ಯಾವ, ಅವು ಹೊರಗ ನಿಂತು ಲೈಟ್ ನೋಡ್ತಾವ ತಮ್ಮ ಅಂದ.

ಎರಡನೇದು ತೆಳ್ಳಂದು. ತಗಡು ಎಷ್ಟು ತೆಳ್ಳಗಿತ್ತಂದ್ರ ಒಂದು ಕಡೆ ಒತ್ತಿದ್ರ ಇನ್ನೊಂದು ಕಡೆ ಹೊಟ್ಟಿ ಬರತಿತ್ತು. ಜಾಗಾ ಮೂರಕ್ಕ. ಅದೂ ಒಂದೊಂದು ಡಿಸ್ಕಿಗೆ ಎರಡೂ ಬಾಜೂದಿಂದ ನಾಕು ಸ್ಕ್ರೂ ಹಾಕಬೇಕು, ಕೈ ಒಳಗ ಹೋಗೂದಿಲ್ಲ, ಹೋದ್ರ ಬರೂದಿಲ್ಲ. ತುದಿ ಕೊಯಿತಾವ, ಬಟ್ಟಿ ಕಟ್ಟಿಕೊಂಡು ಮಾಡು ಅಂತ ಅಂಗಡ್ಯಾವನ ಹೇಳಿದ. ಮಾರಾಂವನ ಹಿಂಗ ಅಂದ್ರ ಕೊಳ್ಳಾಂವ ಏನನ್ನಬೇಕು.

ಮೂರನೇದು ಒಳಗಿಂದ ಧೂಳು ಜಾಡಿಸಿ ತಂದ. ಹಳೇ ಮಾಲು, ಕರೀದು, ಉದ್ದಂದು, ಮುಖಾನ ಇಲ್ಲ. ಲೈಟಿಲ್ಲ, ಗಾಜಿಲ್ಲ, ಬ್ಯಾಂಕಿನ ಮೂಲ್ಯಾಗ ಕುಂತಿರೂ ತಿಜೋರಿ ಹಂಗಿತ್ತು. ಬಾಜೂದ ತಗಡು ತಗಿಯಾಕ ಸ್ಕ್ರೂಡ್ರೈವರ್ ಬೇಕಿಲ್ಲ, ಹಿಂದಿನ ಎರಡು ದೊಡ್ಡ ಸ್ಕ್ರೂ ಬೆರಳಿಲೆ ತಿರುವಿದ್ರ ಸಾಕು. ಒಳಗ ನೋಡಿದ್ರ ಒಂದರ ಮ್ಯಾಲೊಂದು ಆರು ಪ್ಲಾಸ್ಟಿಕ್ ಟ್ರೇ, ಅಡಗಿಮನಿ ಮಸಾಲಿ ಖಾನಿ ಇದ್ದಂಗ, ನಮ್ಮ ಕಡೆ ಮುಖಾ ಮಾಡಿ ಕುಂತಿದ್ವು. ಎರಡು ಕಿವಿ ಹಿಂಡಿದ್ರ ಟ್ರೇ ಹೊರಗ ಬರ್ತೈತಿ, ಡಿಸ್ಕ್ ಇಟ್ಟು ದೂಡಿದ್ರ ಟಕ್ ಅಂತ ಕೂಡ್ರತೈತಿ. ಆರು ತುಂಡು ಹಾಕಿದ್ನಿ. ಆರೂ ಹೋದ್ವು. ಮ್ಯಾಲೆ ಡಿವಿಡಿ ಹಾಕೂ ಜಾಗಾ ಎರಡು ಖಾಲಿನ ಉಳದ್ವು.

ನಾ ಆದ್ರೂ ಗಾಜಿಂದ ನೋಡಕೋತ ನಿಂತಿದ್ನಿ. ಮಾಮಾಗ ಫೋನ್ ಹಚ್ಚಿದ್ನಿ. ಶಿರಹಟ್ಟಿಯೊಳಗ ಒಂದು ಲಗ್ನದಾಗ ಇದ್ದ, ಹಿಂದ ಬ್ಯಾಂಡ್ ಹೊಡಿತಿತ್ತು. ಗಾಜಿಂದು ಭಾಳ ಛಂದ ಐತಿ, ಗಾಳಿ ಭಾಳ ಆಡ್ತೈತಿ, ಗಿರಾಕಿಗೆ ಮರ್ಯಾದಿ ಕಾಣತೈತಿ ಅಂತ ಒಂದು ಭಾಷಣ ಮಾಡಿದ್ನಿ. ಅಂವ ಎಲ್ಲಾ ಕೇಳಿ, ಆರೂ ಹಿಡಿತಾವೇನು ಅಂತ ಒಂದ ಮಾತು ಕೇಳಿದ. ಎರಡು ಅಂತ ಬಾಯಿಗೆ ಬಂತು. ಫೋನ್ ಇಟ್ಟು ತಿಜೋರಿ ಕಟ್ಟಿಸಿಕೊಂಡ್ನಿ. ಕರೆಂಟಿನ ವಾಯರು ಆರಕ್ಕ ಸಾಲೂದಿಲ್ಲ ಅಂತ ಅಂಗಡ್ಯಾವ ಒಂದು ವಾಯರಿಗೆ ಎರಡು ಬಾಯಿ ಇರೂವು ಮೂರು ಕೂಡ ಕೊಟ್ಟ. ನನಗಿದು ಮೊದಲ ಗೊತ್ತಿತ್ತು ಅನ್ನೋಹಂಗ ಗೋಣು ಹಾಕಿದ್ನಿ.

ಬಸ್ಸಿನ್ಯಾಗ ಡಬ್ಬಿ ನನ್ನ ತೊಡಿ ಮ್ಯಾಲೆ. ನನಗ ಮುಂದಿನ ರಸ್ತಾ ಕಾಣವಲ್ದು, ಮಂದಿಗೆ ನಾ ಕಾಣವಲ್ಲೆ. ಕಂಡಕ್ಟರ್ ಡಬ್ಬಿಗೆ ಲಗೇಜ್ ತಿಕೀಟು ಹರದ. ಬಾಜೂಕ ಕುಂತ ಮುದುಕಿ, ನನಗ ಫುಕಟ, ನಿನ್ನ ಡಬ್ಬಿಗೆ ತಿಕೀಟು, ಸರ್ಕಾರದಾಗ ನಾ ದೊಡ್ಡಾಕಿ ನೋಡು ಅಂತ ಮುಳಗುಂದದ ಮಟಾ ನಕ್ಕೋತ ಬಂದ್ಲು. ಒಳಗ ಏನೈತಿ ಅಂತ ಕೇಳಿದ್ಲು. ಏನಿಲ್ಲ, ಖಾಲಿ ಡಬ್ಬಿ ಅಂದ್ನಿ. ಖಾಲಿ ಡಬ್ಬಿಗೆ ತಿಕೀಟು ತಗಸೀಯೇನಪಾ ಅಂದ್ಲು. ಅಲ್ಲಿಂದ ಲಕ್ಷ್ಮೇಶ್ವರದ ತನಕ ನಾ ಡಬ್ಬಿ ಹಿಂದ ಮುಖಾ ಮುಚ್ಚಿಕೊಂಡು ಕುಂತ್ನಿ.

ಮಾಮಾ ಆಗಲೇ ಶಿರಹಟ್ಟಿಯಿಂದ ಬಂದು, ಪಡಸಾಲಿ ಕೀಲಿ ತಗದು, ಕಂಪ್ಯೂಟರ್ ಹಚ್ಚಿಟ್ಟು ಹಿತ್ತಲದಾಗ ಮುಖಾ ತೊಳಕೋತಿದ್ದ. ಮನಿ ಕಟ್ಟಿ ಹತ್ತಿ, ಹೊಸ್ತಲಾ ದಾಟಬೇಕು ಅನ್ನೂದ್ರಾಗ ಆಯಿ ಅಡ್ಡ ಬಂದ್ಲು. ಆಯಿ ಅಂದ್ರ ಮಾಮಾನ ತಾಯಿ, ನಮ್ಮವ್ವನ ತಾಯಿ, ಆ ಮನಿ ಪೊಲೀಸು. ಡಬ್ಬಿಯೊಳಗ ಏನು ಅಂತ ಕೇಳಿದ್ಲು, ಹೇಳಿದ್ನಿ. ಯಾವುದರಿಂದ ಮಾಡ್ಯಾರ ಅಂತ ಕೇಳಿದ್ಲು. ಆಗ ತಿಳೀತು ನನಗ. ಇವತ್ತು ಶನಿವಾರ. ಶನಿವಾರ ದಿನ ಕಬ್ಬಿಣ ಮನ್ಯಾಗ ತರೂಹಂಗಿಲ್ಲ. ಸೂಜಿ ಸುದ್ಧಾ ತರೂದಿಲ್ಲ ಆಯಿ, ಅಂಥಾದ್ರಾಗ ನಾ ತಿಜೋರಿ ಹೊತ್ಕೊಂಡು ಬಂದಿದ್ನಿ. ವಾರ ಅಷ್ಟೂ ಸ್ಕ್ರೂ ಎಣಿಸಿದ ನಾನೂ, ಲಗ್ನದ ಗದ್ದಲದಾಗಿದ್ದ ಮಾಮಾನೂ, ಇಬ್ಬರೂ ವಾರ ನೋಡಿರಲಿಲ್ಲ.

ಇದು ಕಬ್ಬಿಣ ಅಲ್ಲ ಆಯಿ, ಪ್ಲಾಸ್ಟಿಕ್ ಅಂದ್ನಿ. ಮೂರು ಕಂಪ್ಯೂಟರ್ ಹೇಳಿದ ಬಾಯಿಗೆ ಇದೇನು ದೊಡ್ಡದಲ್ಲ. ಡಬ್ಬಿ ಬಿಚ್ಚಿ ಮುಂದಿನ ಪ್ಲಾಸ್ಟಿಕ್ ಮುಖಾ ತೋರಿಸಿದ್ನಿ. ಆಯಿ ಒಳಗ ಹೋಗಿ ಅಯಸ್ಕಾಂತ ತಂದ್ಲು. ಅಕಿ ಕೌದಿ ಹೊಲಿತಾಳ, ಸೂಜಿ ಬಿದ್ರ ಹುಡಕಾಕ ಅಂತ ಹಳೇ ಸ್ಪೀಕರಿನ ಅಯಸ್ಕಾಂತ ಇಟ್ಟಾಳ, ರೊಟ್ಟಿ ಹಿಟ್ಟಿನ ಉಂಡಿಯಷ್ಟು ದೊಡ್ಡದು. ಮುಖಕ್ಕ ಹಚ್ಚಿದ್ಲು, ಹತ್ತಲಿಲ್ಲ. ನಾ ಎದಿ ಉಬ್ಬಿಸಿದ್ನಿ. ಬಾಜೂಕ ಹಚ್ಚಿದ್ಲು. ಟಕ್. ಎರಡೂ ಕೈ ಹಾಕಿ ಜಗ್ಗಿದ್ರೂ ಬರವಲ್ದು. ಹಿಡಿಕಿ ಹಚ್ಚಿದಂಗ ಹಿಡಕೊಂಡು ಅಕಿ ನನ್ನ ಕಡೆ ನೋಡಿದ್ಲು. ಪ್ಲಾಸ್ಟಿಕ್ ಭಾಳ ಗಟ್ಟಿ ಐತೆಲ್ಲೋ ಅಂದ್ಲು.

ಕಿತ್ತುಕೊಂಡು ಒಳಗ ಹೊಂಟಾಗ ನನಗ ಜೀವ ಬಾಯಿಗೆ ಬಂತು. ಅಯಸ್ಕಾಂತ ಹಾರ್ಡ್‌ಡಿಸ್ಕಿನ ಹಂತ್ಯಾಕ ಒಯ್ದ್ರ ಒಳಗಿಂದು ಎಲ್ಲಾ ಅಳಿಸಿ ಹೋಗತೈತಿ ಅಂತ ವಿಡಿಯೋದಾಗ ನೋಡಿದ್ನಿ. ಹಾರಿ ಹೋಗಿ ಅಕಿ ಕೈ ಹಿಡಕೊಂಡು, ಐದೂರ ಲಗ್ನ ಮುರೀತಾವ ಆಯಿ ಅಂತ ಹೇಳಿದ್ನಿ. ಅಕಿ ಆ ಮಣಿ ಕೆಳಗಿನ ಸೂಜಿ ಡಬ್ಬಿ ತೋರಿಸಿದ್ಲು. ಅಯಸ್ಕಾಂತ ನಾಕು ವರ್ಷದಿಂದ ಅಲ್ಲೇ ಮಲಗತಿತ್ತಂತ, ಡಿಸ್ಕುಗಳ ಕೆಳಗ.

ಹಿಂಗ ಕ್ಯಾಬಿನೆಟ್ ಹೊಸ್ತಲಾ ದಾಟಲಿಲ್ಲ. ಮರುದಿನ ಆಯಿತವಾರ ಹೊತ್ತು ಹೊಂಡೂ ತನಕ ಕಟ್ಟಿ ಮ್ಯಾಲೆ ಇರಲಿ ಅಂತ ತೀರ್ಮಾನ ಆತು. ನಾನೂ ಅದರ ಸಂಗಾಟ ಕಟ್ಟಿ ಮ್ಯಾಲೆ ಉಳದ್ನಿ. ಒಳಗ ಹೋದ್ರ ಶಿರಹಟ್ಟಿ ಡಿಸ್ಕಿನ ಟಿಕ್ ಟಿಕ್ ಕೇಳತಿತ್ತು, ಹೊರಗ ಬಂದ್ರ ಕ್ಯಾಬಿನೆಟ್ ಕಾಣತಿತ್ತು. ಕುಂತ್ನಿ, ಎದ್ನಿ, ಕಟ್ಟಿ ಈ ತುದಿಯಿಂದ ಆ ತುದಿಗೆ ನಡದ್ನಿ. ಕಡೀಕ ಇದರ ತಾಲೀಮರ ಮಾಡೂಣು ಅಂತ ಕಟಗಿ ತುಂಡು ಹೊರಗ ತಗದ್ನಿ.

ಎದುರು ಮನಿ ಅಜ್ಜ ರುಮಾಲು ಸರಿ ಮಾಡಕೋತ ಬಂದು ಬಾಜೂಕ ಕುಂತ. ಇದೇನಪಾ, ಕೋಳಿ ಗೂಡೇನು ಅಂದ. ಹೌದ್ರಿ ಅಜ್ಜ, ಆರು ಕೋಳಿ ಹಿಡಿತಾವ ಅಂದ್ನಿ. ಹಂಗಾರ ಹಾಕು ನೋಡೂಣು ಅಂದ. ಮೊದಲನೇ ಸಲ ಟ್ರೇ ತಿರುವುಮುರುವು ಹಾಕಿದ್ನಿ, ಅರ್ಧಕ್ಕ ಸಿಕ್ಕೊಂಡ್ತು. ಟ್ರೇದ ಬಾಜೂಕ ಸಣ್ಣ ಮೊಳಿಯಂಥಾವು ಇರ್ತಾವ, ಅವು ಡಿಸ್ಕಿನ ತೂತಿನ್ಯಾಗ ಕೂಡ್ರಬೇಕು. ಕಟಗಿಗೆ ತೂತ ಇದ್ದಿಲ್ಲ. ಅಂಗಡ್ಯಾಗ ನಾ ಬರೇ ದೂಡಿದ್ನಿ, ಇದನ್ನ ನೋಡಿರಲಿಲ್ಲ. ಅಜ್ಜ ಮನಿಯಿಂದ ದಬ್ಬಣ ತಂದು, ಒಂದೊಂದು ತುಂಡಿಗೆ ನಾಕು ನಾಕು ತೂತ ಹೊಡದು ಕೊಟ್ಟ. ಮತ್ತ ಹಾಕಿದ್ನಿ. ವಾಯರ್ ಸಿಗಿಸೂ ಬಾಯಿ ಹಿಂದಿನ ಕಡೆ ಬರತೈತಿ, ಅದಕ್ಕ ಆ ಬಾಜೂದ ತಗಡೂ ತಗೀಬೇಕು ಅನ್ನೂದು ಮೂರನೇ ಸಲಕ್ಕ ತಿಳೀತು. ಏಳನೇ ಸಲಕ್ಕ ಕಣ್ಣು ಮುಚ್ಚಿ ಹಾಕಿದ್ನಿ. ಕೋಳಿ ಗೂಡಲ್ಲ ಅಂತ ಅಷ್ಟೊತ್ತಿಗೆ ತಿಳಕೊಂಡಿದ್ದ ಅಜ್ಜ, ಎಷ್ಟು ಕಂಪ್ಯೂಟರ್ ಕೂಡಿಸಿಯೋ ತಮ್ಮ ಅಂತ ಕೇಳಿದ. ಮೂರು ಅಂದ್ನಿ, ಹಿಂದಿಲ್ಲ ಮುಂದಿಲ್ಲ. ಆದ್ರ ಈ ಸಲ ಅಂದ ಮ್ಯಾಲೆ ಒಂದು ಟ್ರೇ ಹೊರಗ ತಗದು ಮತ್ತ ಹಾಕಿ ನೋಡಿದ್ನಿ. ಹೊತ್ತು ಮುಳಗೂ ಮುಂದ ಆಯಿ ಬಂದು, ಇಬ್ಬನಿ ಬೀಳತೈತಿ ಅಂತ ಕ್ಯಾಬಿನೆಟ್ಟಿಗೆ ಒಂದು ಕೌದಿ ಹೊಚ್ಚಿದ್ಲು. ಕಬ್ಬಿಣ ಆದ್ರೇನು, ಮನಿಗೆ ಬಂದ ಮಗಾ ಅಲ್ಲೇನು ಅಂದ್ಲು.

ಆಯಿತವಾರ ಮುಂಜಾನೆ ಕುಂಕುಮ ಹಚ್ಚಿಸಿಕೊಂಡು ಕ್ಯಾಬಿನೆಟ್ ಒಳಗ ಬಂತು. ಮಾಮಾ ಕುರ್ಚಿ ಹಾಕ್ಕೊಂಡು ನನ್ನ ಬೆನ್ನಿಗೇ ಕುಂತ. ಹಳೇದರಿಂದ ಮದರ್‌ಬೋರ್ಡ್ ಅನ್ನೋ ದೊಡ್ಡ ಹಲಗಿ ಬಿಚ್ಚಿ ಹೊಸದಕ್ಕ ಹಾಕೂದು ಮೊದಲ ಕೆಲಸ. ವಾಯರ್ ಎಲ್ಲಾ ಮೊದಲ ಫೋಟೋ ಹೊಡಕೊಂಡ್ನಿ. ಚಾಲೂ ಮಾಡೂ ಬಟನ್ನಿನ ವಾಯರು ಇರಿವಿ ಕಾಲಿನಷ್ಟು ಸಣ್ಣಾವು, ಅವನ್ನ ಸಿಗಸೂದ್ರಾಗ ನನ್ನ ಬೆವರು ಎರಡು ಸಲ ಹಲಗಿ ಮ್ಯಾಲೆ ಬೀಳೂದು ತಪ್ಪಿತು. ಮಾಮಾ ಟಾವೆಲ್ ಕೊಟ್ಟ. ಬಟನ್ ಒತ್ತಿದ್ನಿ. ಸ್ಕ್ರೀನ್ ಬಂತು. ವಿಂಡೋಸ್ ಹಲಗಿ ಮ್ಯಾಲಿನ ಚಿಪ್ಪಿನ್ಯಾಗ ಇತ್ತು, ಅದಕ್ಕ ಲಗ್ನದ ಡಿಸ್ಕ್ ಇಲ್ಲದ ಕಂಪ್ಯೂಟರ್ ಚಾಲೂ ಆತು. ನಾನೂ ನಂಬಲಿಲ್ಲ, ಆದ್ರ ನಂಬಿದಾಂವಂಗ ಮುಖಾ ಮಾಡಿದ್ನಿ.

ಮತ್ತ ಬಂದ್ ಮಾಡಿ ಡಿಸ್ಕಿಗೆ ಕೈ ಹಾಕಿದ್ನಿ. ಮಾಮಾ ತಾನ ಎರಡೂ ಕೈಲೆ ಶಿರಹಟ್ಟಿ ಡಿಸ್ಕ್ ತಗೊಂಡು ನನ್ನ ಅಂಗೈ ಮ್ಯಾಲೆ ಇಟ್ಟ. ಕಟಗಿ ತುಂಡಿಗಿಂತ ಅದು ಭಾಳ ವಜ್ಜಾ ಇತ್ತು. ಇದನ್ನ ನಾ ಯೋಚನಿ ಮಾಡಿರಲಿಲ್ಲ. ಕಟಗಿಗೆ ತಾಲೀಮು ಮಾಡಿದ ಕೈ ಒಮ್ಮೆಲೆ ಕೆಳಗ ಬಂತು. ಮಾಮಾ ಕುರ್ಚಿ ತುದಿಗೆ ಬಂದು ಕುಂತ, ಅಷ್ಟ. ಇನ್ನೊಂದು ಕೈ ಕೆಳಗ ಕೊಟ್ಟು ಹಿಡಕೊಂಡ್ನಿ. ಎಷ್ಟು ಮಂದಿ ಅದಾರ ಇದರಾಗ ಅಂತ ತಲ್ಯಾಗ ಬಂತು. ಆಗ ನನ್ನ ಬಾಯಿ ನನ್ನ ಕೇಳಲಾರದ ಮಾತಾಡಿತು.

"ಮಾಮಾ, ನಾ ಒಂದೂ ಕೂಡಿಸಿಲ್ಲ. ರಬ್ಬರ್‌ಲೆ ರ‍್ಯಾಮ್ ತಿಕ್ಕೇನಿ, ಅಷ್ಟ."

ಮಾಮಾ ನನ್ನ ಅಂಗೈಯಿಂದ ಡಿಸ್ಕ್ ತಗೊಂಡು ಮಣಿ ಮ್ಯಾಲೆ ಇಟ್ಟ. ಈಗ ಅಂಗಡಿ ಮಂದೀನ ಕರಸ್ತಾನ, ನಮ್ಮವ್ವಗ ಫೋನ್ ಹಚ್ಚತಾನ, ನನ್ನ ಕಥಿ ಕುಬಸದ ಊಟದಿಂದ ತಿಥಿ ಊಟದ ತನಕ ಎಲ್ಲಾ ಪಂಕ್ತಿಯೊಳಗ ನಡೀತೈತಿ ಅಂತ ಲೆಕ್ಕ ಹಾಕಿದ್ನಿ. ಅಂವ ಎದ್ದು ಒಳಗ ಹೋದ. ಖೋಲ್ಯಾಗ ಕಪಾಟು ತಗದ ಸಪ್ಪಳಾತು. ಬರಬೇಕಾದ್ರ ಕೈಯಾಗ ಕುಬಸದ ಖಣದ ಬಟ್ಟ್ಯಾಗ ಸುತ್ತಿದ್ದು ಏನೋ ಇತ್ತು. ಬಿಚ್ಚಿದ. ಏಳನೇ ಹಾರ್ಡ್‌ಡಿಸ್ಕ್. ಹೆಸರಿನ ಪಟ್ಟಿ ಇದ್ದಿಲ್ಲ.

"ಹಂಗಾರ ಇದನ್ನ ಮೊದಲ ಹಾಕು," ಅಂದ. "ಇದು ನಮ್ಮ ಲಗ್ನ. ಕೆಟ್ರ ಮಂದಿ ಯಾರೂ ಕೇಳಾಕ ಬರೂದಿಲ್ಲ."

"ನಾ ಬರ್ತೇನಿ," ಅಂದ್ಲು ಅತ್ತಿ.

ಅತ್ತಿ, ಅಂದ್ರ ಮಾಮಾನ ಹೆಂಡತಿ, ಕೈಗೆ ಜ್ವಾಳದ ಹಿಟ್ಟು ಹತ್ತಿಸಿಕೊಂಡು ಅಡಗಿಮನಿ ಬಾಗಲದಾಗ ನಿಂತಿದ್ಲು. ಹನ್ನೊಂದು ವರ್ಷದಿಂದ ಇನ್ನೂ ಎಡಿಟಿಂಗ್ ಆಗಿಲ್ಲ, ಮಂದೀದು ಮುಗಿಸಿ ನಮ್ಮದು ಮಾಡ್ತೇನಿ ಅಂತ ಹೇಳಕೋತ ಬಂದಾನಂತ ಮಾಮಾ. ಮಂದಿ ಲಗ್ನ ಅಷ್ಟೂ ಅಕಿ ನೋಡ್ಯಾಳ, ತನ್ನದು ಒಮ್ಮೆನೂ ನೋಡಿಲ್ಲ. ಇಷ್ಟು ದಿನ ಆ ಡಿಸ್ಕ್ ಎಲ್ಲೈತಿ ಅನ್ನೂದೂ ಅಕಿಗೆ ಗೊತ್ತಿದ್ದಿಲ್ಲ. ಅಕಿ ಖಣದಾಗ ಸುತ್ತಿ ಅಕಿ ಕಪಾಟಿನ್ಯಾಗ ಇಟ್ಟಾನ ಅನ್ನೂದಂತೂ ಈಗ ಗೊತ್ತಾತು. ಅಕಿ ಮಾಮಾನ ನೋಡಿದ ರೀತಿಗೆ, ಒಂದು ಸುಳ್ಳು ಹೇಳಿದ ನಾ ಆ ಖೋಲ್ಯಾಗ ಸಣ್ಣ ಅಪರಾಧಿ ಅನಿಸಿಬಿಟ್ನಿ.

ಟ್ರೇದ ಕಿವಿ ಹಿಂಡಿ ಹೊರಗ ತಗದ್ನಿ. ಡಿಸ್ಕ್ ಇಟ್ನಿ, ನಾಕು ಮೊಳಿ ನಾಕು ತೂತಿನ್ಯಾಗ ಕುಂತ್ವು. ದೂಡಿದ್ನಿ. ಟಕ್. ಹಿಂದಿನ ಬಾಜೂಕ ಹೋಗಿ ಎರಡು ವಾಯರ್ ಸಿಗಿಸಿದ್ನಿ. ಬಟನ್ ಒತ್ತಿ, ಮೂವರೂ ಕಿವಿ ಕೊಟ್ಟು ನಿಂತ್ವಿ. ಮೊದಲ ಸಪ್ಪಳ ಇಲ್ಲ. ಆಮ್ಯಾಲೆ ಗಿರಣಿ ದೂರದಾಗ ಚಾಲೂ ಆದಂಗ ಒಂದು ಸಣ್ಣ ಗುಂಯ್. ಸ್ಕ್ರೀನ್ ಮ್ಯಾಲೆ ಡಿಸ್ಕ್ ಬಂತು.

ಅತ್ತಿ ಕೈ ತೊಳಕೊಂಡು ಬಂದು ಮಾಮಾನ ಕುರ್ಚಿ ಮ್ಯಾಲೆ ಕುಂತ್ಲು. ಹಚ್ಚು ಅಂದ್ಲು. ಅಲ್ಲ, ಇನ್ನೂ ಆರು ಹಾಕಬೇಕು, ಬಂದ್ ಮಾಡಿದ್ರನ ಹಾಕಾಕ ಬರ್ತೈತಿ ಅಂದ್ನಿ. ಅಕಿ ಕೇಳಿಸಿಕೊಳ್ಳಲೇ ಇಲ್ಲ. ಮಾಮಾ ಓಡಿಸಿ ತೋರಸ್ತೇನಿ ಅಂದ್ರ ಮೌಸ್ ತಾನ ಹಿಡಕೊಂಡ್ಲು. ಎಡಿಟಿಂಗ್ ಇಲ್ಲದ ಲಗ್ನ ಅದು. ಅರಿಷಿಣ ಹಚ್ಚೂದು ಒಂದು ತಾಸು, ಮುಂಡರಗಿ ಬೀಗರು ಬಸ್ಸಿನಿಂದ ಇಳಿಯೂದು ಅರ್ಧ ತಾಸು. ನಾ ಸ್ಕ್ರೂಡ್ರೈವರ್ ಹಿಡಕೊಂಡು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ನಿಂತ್ನಿ. ಮಣಿ ಮ್ಯಾಲೆ ಆರು ಊರು ಕಾಯಕೋತ ಕುಂತಿದ್ವು. ಅಕ್ಕಿಕಾಳು ಒಗಿಯೂ ಹೊತ್ತಿಗೆ ಸ್ಕ್ರೀನ್ ಮ್ಯಾಲಿನ ಮಾಮಾ ಬಾಸಿಂಗ ಕಟ್ಟಿಕೊಂಡು, ಕ್ಯಾಮೆರಾ ಹಿಡದ ತನ್ನ ದೋಸ್ತಗ ಕೈ ಸನ್ನಿ ಮಾಡಕೋತ ನಿಂತಿದ್ದ. ಎಡಕ್ಕ ಬಾ, ಲೈಟ್ ಮ್ಯಾಲೆ ಎತ್ತು. ತಾಳಿ ಕಟ್ಟಬೇಕಾದ್ರೂ ಕಣ್ಣು ಲೈಟಿನ ಕಡೆ.

"ನನ್ನ ನೋಡೇ ಇಲ್ಲ ನೀವು," ಅಂದ್ಲು ಅತ್ತಿ. "ಬಲ್ಬ್ ಲಗ್ನ ಆಗೀರಿ."

ಮಾಮಾ ಬೆಳಕು ಕಡಿಮಿ ಇತ್ತು ಅಂತ ಏನೋ ಹೇಳಾಕ ಹೋದ. ಬಾಗಲದಾಗ ಬಂದು ನಿಂತಿದ್ದ ಆಯಿ ನಡುವ, ಅಂವ ಹುಟ್ಟಿದಾಗೂ ದೀಪಾನ ನೋಡತಿದ್ದ ಅಂದ್ಲು. ಅತ್ತಿ ನಗಾಕ ಹತ್ತಿದ್ಲು, ನಕ್ಕು ನಕ್ಕು ಸೆರಗಿಲೆ ಕಣ್ಣು ಒರಸಿಕೊಂಡ್ಲು. ಆಮ್ಯಾಲೆ ಊಟದ ಪಂಕ್ತಿ ಪೂರ್ತಿ ನೋಡಿ, ಯಾರ್ಯಾರು ಎಷ್ಟೆಷ್ಟು ಉಂಡ್ರು ಅಂತ ತಿಳಕೊಂಡ ಮ್ಯಾಲೆನ ಎದ್ಲು. ಎದ್ದಾಕಿ ಒಂದ ಮಾತು ಹೇಳಿದ್ಲು, ಇದು ಇನ್ನ ಕಪಾಟಿಗೆ ಹೋಗೂದಿಲ್ಲ, ಎಲ್ಲೈತಿ ಅಲ್ಲೇ ಇರತೈತಿ.

ಬಂದ್ ಮಾಡಿ, ಉಳದ್ದು ಒಂದೊಂದ ಹಾಕಿದ್ನಿ. ಈಗ ಕೈಗೆ ವಜ್ಜಾ ಗೊತ್ತಾಗಿತ್ತು. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಮುಳಗುಂದ, ಹಳ್ಳಿ. ಶಿರಹಟ್ಟಿ ಹಾಕಬೇಕಾದ್ರ ಮಾಮಾ ಬಾಜೂಕ ಕುಕ್ಕರಗಾಲಿಲೆ ಕುಂತಿದ್ದ. ಚಾಲೂ ಮಾಡಿದ್ನಿ. ಟಿಕ್ ಟಿಕ್ ಅಂತು, ಆದ್ರ ತಗೀತು. ಅಂವ ಅದರಾಗಿನ ಒಂದು ಲಗ್ನ ಹಚ್ಚಿ ಅರ್ಧ ನಿಮಿಷ ನೋಡಿ, ಇದರ ಕಾಪಿ ಮೊದಲ ಮಾಡೂಣು ಅಳಿಯಾ, ದೊಡ್ಡ ಡಿಸ್ಕ್ ಒಂದು ಬೇಕಾಗತೈತಿ ಅಂದ. ನಾ ಹೋಳಗಿ ತಿನಕೋತ ಹೇಳಿದ್ದು ಇದನ್ನ ಅನ್ನಬೇಕಂತ ನಾಲಿಗಿ ತುದಿಗೆ ಬಂತು, ನುಂಗಿದ್ನಿ.

ಈಗ ಟ್ರೇ ಆರೂ ತುಂಬಿದ್ವು. ಮಣಿ ಮ್ಯಾಲೆ ಮುಂಡರಗಿ ಒಂದ ಉಳದಿತ್ತು. ಮುಂಡರಗಿ ಅತ್ತಿ ತವರುಮನಿ. ನಮ್ಮೂರ ಮಂದೀನ ಹೊರಗ ನಿಂದ್ರಸ್ತೀರೇನು ಅಂತ ಅಡಗಿಮನಿಯಿಂದ ದನಿ ಬಂತು. ಮಾಮಾ ಮ್ಯಾಲಿನ ಡಿವಿಡಿ ಜಾಗಾ ತೋರಿಸಿ, ಅಲ್ಲೆ ಕೂಡ್ರತೈತೇನಲೇ ಅಂತ ಕೇಳಿದ.

"ಗೊತ್ತಿಲ್ಲ ಮಾಮಾ," ಅಂದ್ನಿ. "ಅಗಲ ಜಾಸ್ತಿ ಐತಿ. ನೋಡಬೇಕು."

ಅಂವ ಮುಂಡರಗಿ ಡಿಸ್ಕ್ ತಗದು ನನ್ನ ಕೈಯಾಗ ಇಟ್ಟ. ಚಪ್ಪಲಿ ಮೆಟ್ಟಿಕೊಂಡು, ಚಾ ಕುಡದು ಬರ್ತೇನಿ ಅಂತ ಹೊರಗ ಹೋದ. ಬಾಗಲಕ್ಕ ಕೀಲಿ ಹಾಕಲಿಲ್ಲ.